ಸಂಸ್ಕರಣಾ ಆಲೂಗೆಡ್ಡೆ ತಳಿ ‘ಕುಫ್ರಿ ಚಿಪ್ಸೋನಾ-1’: ಗುಣಲಕ್ಷಣಗಳು ಹಾಗೂ ಗ್ರಾಮಮಟ್ಟದ ಗುಣಪರೀಕ್ಷೆ

(ಅಧ್ಯಯನ ಲೇಖನ: ಗ್ರಾಮ ಪಂಚಾಯಿತಿ ಸದಸ್ಯರು, ರೈತ ಉತ್ಪಾದಕರ ಸಂಸ್ಥೆಗಳು ಮತ್ತು ಸ್ವಸಹಾಯ ಸಂಘಗಳ ಮಾಹಿತಿಗಾಗಿ)

1. ಪೀಠಿಕೆ

ಹಾಸನ ಜಿಲ್ಲೆಯಲ್ಲಿ ಆಲೂಗೆಡ್ಡೆಯು ಮುಂಗಾರಿನ ಪ್ರಮುಖ ವಾಣಿಜ್ಯ ಬೆಳೆ. ಬೇಸಿಗೆಯ ಕೊನೆಯಲ್ಲಿ ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಹಾಸನದ ಮಾರುಕಟ್ಟೆಗೆ ಬರುತ್ತದೆ. ಮಳೆ ಹದವಾದೊಡನೆ ನಾಟಿ ಆರಂಭವಾಗುತ್ತದೆ. ಆಗಸ್ಟ್-ಸೆಪ್ಟೆಂಬರ್ ವೇಳೆಗೆ ಗೆಡ್ಡೆ ಅಗೆಯಲಾಗುತ್ತದೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದಲ್ಲಿ ನೀರಾವರಿಯ ಆಸರೆಯಲ್ಲಿ ಹಿಂಗಾರಿನಲ್ಲಿಯೂ ಇದನ್ನು ಬೆಳೆಯುತ್ತಾರೆ. 1968ರಲ್ಲಿ ಬಿಡುಗಡೆಯಾದ ‘ಕುಫ್ರಿ ಜ್ಯೋತಿ’ ಈ ಭಾಗದ ರೈತರಿಗೆ ದಶಕಗಳಿಂದ ಪರಿಚಿತವಾದ ತಳಿ. ಅದು ಅಡುಗೆಗೆಂದು ಬೆಳೆಯುವ ತಳಿ.

ಚಿಪ್ಸ್ ತಯಾರಿಕೆಗೆ ಬೇಕಾದ ಆಲೂಗೆಡ್ಡೆಯ ಲೆಕ್ಕವೇ ಬೇರೆ. ಒಪ್ಪಂದದ ಮೇಲೆ ಬೆಳೆದ ರೈತರೊಬ್ಬರ ಲಾರಿ ಕಾರ್ಖಾನೆಯ ಬಾಗಿಲಲ್ಲಿ ನಿಂತಿದೆ ಎಂದು ಇಟ್ಟುಕೊಳ್ಳಬಹುದು. ಗೆಡ್ಡೆ ದಪ್ಪವಾಗಿದೆ, ಸಿಪ್ಪೆ ನುಣುಪಾಗಿದೆ, ಕೊಳೆತ ಒಂದು ಗೆಡ್ಡೆಯೂ ಇಲ್ಲ. ಆದರೂ ಮಾದರಿ ಪರೀಕ್ಷೆಯ ನಂತರ ಇಡೀ ಲಾರಿ ಹಿಂದಿರುಗುತ್ತದೆ. ಬೀಜ, ಗೊಬ್ಬರ, ಕೂಲಿಯ ಸಾಲದ ಮೇಲೆ ಎರಡೂ ಕಡೆಯ ಬಾಡಿಗೆ ಸೇರುತ್ತದೆ. ಸರಕು ಮಾರುಕಟ್ಟೆಯಲ್ಲಿ ಆ ದಿನದ ದರಕ್ಕೆ ಮಾರಾಟವಾಗುತ್ತದೆ. ತಮ್ಮ ಗೆಡ್ಡೆಯಲ್ಲಿ ಯಾವ ದೋಷವಿತ್ತು ಎಂಬುದು ರೈತರಿಗೆ ಕೊನೆಯವರೆಗೂ ಅರ್ಥವಾಗುವುದಿಲ್ಲ. ಏಕೆಂದರೆ ಆ ದೋಷ ಕಣ್ಣಿಗೆ ಕಾಣುವಂಥದ್ದಲ್ಲ.

ಆ ಕಾಣದ ಗುಣವನ್ನು ಲಾರಿ ತುಂಬುವ ಮೊದಲೇ ಊರಿನಲ್ಲಿ ಅಳೆಯಲು ಸಾಧ್ಯವಿದೆ. ಅದಕ್ಕೆ ಒಂದು ತಕ್ಕಡಿ, ಒಂದು ಡ್ರಮ್ ನೀರು, ಸ್ವಲ್ಪ ಉಪ್ಪು ಮತ್ತು ಒಂದು ಬಾಣಲೆ ಸಾಕು. ಭಾರತದಲ್ಲಿ ಸಂಸ್ಕರಣೆಗೆಂದೇ ರೂಪಿಸಲಾದ ಮೊದಲ ತಳಿಗಳಲ್ಲಿ ಒಂದಾದ ‘ಕುಫ್ರಿ ಚಿಪ್ಸೋನಾ-1’ರ ಗುಣಗಳನ್ನು ಹಾಗೂ ಆ ಪರೀಕ್ಷೆಯ ವಿಧಾನವನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

2. ಚಿಪ್ಸ್ ತಯಾರಿಕೆಗೆ ಬೇಕಾದ ಗುಣಗಳು

2.1 ಒಣ ಪದಾರ್ಥ: ಗೆಡ್ಡೆಯಲ್ಲಿರುವ ನೀರನ್ನೆಲ್ಲ ತೆಗೆದ ಬಳಿಕ ಉಳಿಯುವ ಭಾಗವೇ ಒಣ ಪದಾರ್ಥ. ಇದರಲ್ಲಿ ಬಹುಪಾಲು ಪಿಷ್ಟ. ಚಿಪ್ಸ್ ತಯಾರಿಕೆಯೆಂದರೆ ಮೂಲತಃ ಕಾದ ಎಣ್ಣೆಯಲ್ಲಿ ನೀರನ್ನು ಹೊರದೂಡುವ ಕ್ರಿಯೆ. ನೀರು ಆವಿಯಾಗಿ ಹೋದ ಜಾಗವನ್ನು ಎಣ್ಣೆ ಆಕ್ರಮಿಸುತ್ತದೆ. ಆದ್ದರಿಂದ ಒಣ ಪದಾರ್ಥ ಕಡಿಮೆಯಿದ್ದಷ್ಟೂ ಎಣ್ಣೆಯ ಖರ್ಚು ಹೆಚ್ಚು, ಇಂಧನದ ಖರ್ಚು ಹೆಚ್ಚು, ದೊರೆಯುವ ಚಿಪ್ಸ್ ಕಡಿಮೆ.

ಲೆಕ್ಕ ಸರಳವಾಗಿದೆ. 10 ಟನ್ ಗೆಡ್ಡೆಯಲ್ಲಿ ಒಣ ಪದಾರ್ಥ ಶೇ. 16 ಇದ್ದರೆ ಉಳಿಯುವ ಘನಭಾಗ 1,600 ಕಿಲೋ, ಶೇ. 21 ಇದ್ದರೆ 2,100 ಕಿಲೋ. ಲಾರಿಯ ತೂಕ ಒಂದೇ, ಆದರೆ ಒಳಗಿನ ಸರಕಿನಲ್ಲಿ 500 ಕಿಲೋ ವ್ಯತ್ಯಾಸ. ಮೊದಲನೆಯದರಲ್ಲಿ ಒಂದು ಕಿಲೋ ಘನಭಾಗ ಪಡೆಯಲು 5.25 ಕಿಲೋ ನೀರನ್ನು ಆವಿಯಾಗಿಸಬೇಕು. ಎರಡನೆಯದರಲ್ಲಿ ಸುಮಾರು 3.75 ಕಿಲೋ ಸಾಕು. ಕಾರ್ಖಾನೆಗಳು ಸಾಮಾನ್ಯವಾಗಿ ಶೇ. 20ಕ್ಕೆ ಕಡಿಮೆಯಿಲ್ಲದ ಒಣ ಪದಾರ್ಥವನ್ನು ಬಯಸುವುದಕ್ಕೆ ಇದೇ ಕಾರಣ.

2.2 ಸಕ್ಕರೆ: ಗೆಡ್ಡೆಯಲ್ಲಿ ಪಿಷ್ಟದ ಜೊತೆಗೆ ಅಲ್ಪ ಪ್ರಮಾಣದ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಇರುತ್ತವೆ. ಇವುಗಳಿಗೆ ಅಪಕರ್ಷಕ ಸಕ್ಕರೆಗಳೆಂದು ಹೆಸರು. ಕಾದ ಎಣ್ಣೆಯಲ್ಲಿ ಇವು ಗೆಡ್ಡೆಯ ಅಮೈನೋ ಆಮ್ಲಗಳೊಂದಿಗೆ ವರ್ತಿಸಿ ಕಂದು ಬಣ್ಣವನ್ನು ಉಂಟುಮಾಡುತ್ತವೆ. ಸಕ್ಕರೆ ಮಿತಿ ಮೀರಿದರೆ ಚಿಪ್ಸ್ ಕಪ್ಪಾಗಿ ಕಹಿಯಾಗುತ್ತವೆ. ಅತಿಯಾಗಿ ಕಂದಿದ ಚಿಪ್ಸ್‌ನಲ್ಲಿ ಅಕ್ರಿಲಮೈಡ್ ಎಂಬ ಅನಪೇಕ್ಷಿತ ರಾಸಾಯನಿಕವೂ ಹೆಚ್ಚಾಗಿರುತ್ತದೆ. 100 ಗ್ರಾಂ ತಾಜಾ ಗೆಡ್ಡೆಯಲ್ಲಿ ಅಪಕರ್ಷಕ ಸಕ್ಕರೆ 100 ಮಿಲಿಗ್ರಾಂ ಮೀರದಿರುವುದು ಅಪೇಕ್ಷಣೀಯ. ಅಂದರೆ ಸಾವಿರದಲ್ಲಿ ಒಂದು ಪಾಲು. ಇಷ್ಟು ಅಲ್ಪ ಪ್ರಮಾಣವನ್ನು ನಾಲಿಗೆಯ ಸಿಹಿಯಿಂದ ಗುರುತಿಸಲಾಗದು.

2.3 ಆಕಾರ ಮತ್ತು ಹೊರರೂಪ: ಚಿಪ್ಸ್‌ಗೆ ದುಂಡನೆಯ ಅಥವಾ ಅಂಡಾಕಾರದ, ಸುಮಾರು 45ರಿಂದ 85 ಮಿಲಿಮೀಟರ್ ವ್ಯಾಸದ ಗೆಡ್ಡೆ ಸೂಕ್ತ. ಉದ್ದನೆಯ ಫ್ರೆಂಚ್ ಫ್ರೈ ತುಂಡುಗಳಿಗೆ ಉದ್ದ ಗೆಡ್ಡೆಯ ತಳಿಗಳು ಬೇಕು. ಕಣ್ಣುಗಳು ಆಳವಾಗಿದ್ದರೆ ಸಿಪ್ಪೆಯೊಡನೆ ತಿರುಳೂ ವ್ಯರ್ಥವಾಗುತ್ತದೆ. ಬಿಸಿಲು ತಗುಲಿ ಹಸಿರಾದ, ಒಳಗೆ ಪೊಳ್ಳಾದ, ಗುದ್ದಲಿ ಏಟು ಬಿದ್ದ ಗೆಡ್ಡೆಗಳು ತಿರಸ್ಕೃತವಾಗುತ್ತವೆ.

ಈ ಮೂರರಲ್ಲಿ ಕೊನೆಯದು ಮಾತ್ರ ಕಣ್ಣಿಗೆ ಕಾಣುತ್ತದೆ. ಮೊದಲೆರಡು ಗುಣಗಳೇ ಬೆಲೆಯನ್ನು ನಿರ್ಧರಿಸುತ್ತವೆ.

3. ತಳಿಯ ಹಿನ್ನೆಲೆ ಮತ್ತು ಲಕ್ಷಣಗಳು

ಶಿಮ್ಲಾದಲ್ಲಿರುವ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು 1949ರಲ್ಲಿ ಪಾಟ್ನಾದಲ್ಲಿ ಸ್ಥಾಪನೆಯಾಗಿ 1956ರಲ್ಲಿ ಶಿಮ್ಲಾಕ್ಕೆ ಸ್ಥಳಾಂತರಗೊಂಡಿತು. ಶಿಮ್ಲಾ ಬಳಿಯ ಕುಫ್ರಿ ಎಂಬ ಊರಿನಲ್ಲಿ ಸಂಸ್ಥೆಯ ತಳಿ ಅಭಿವೃದ್ಧಿ ಕೇಂದ್ರವಿರುವುದರಿಂದ ಇಲ್ಲಿನ ತಳಿಗಳ ಹೆಸರಿಗೆ ‘ಕುಫ್ರಿ’ ಎಂಬುದು ಸೇರುತ್ತದೆ. ದೇಶದಲ್ಲಿ ಚಿಪ್ಸ್ ಉದ್ಯಮ ಬೆಳೆದಾಗ ಅದಕ್ಕೆಂದೇ ರೂಪಿಸಿದ ಸ್ವದೇಶಿ ತಳಿ ಇರಲಿಲ್ಲ. ‘ಕುಫ್ರಿ ಜ್ಯೋತಿ’, ‘ಕುಫ್ರಿ ಲವ್ಕರ್’ ಮುಂತಾದ ಅಡುಗೆ ತಳಿಗಳನ್ನೇ ಬಳಸಬೇಕಾಗಿತ್ತು. ಈ ಕೊರತೆಯನ್ನು ನೀಗಲು ನಡೆದ ಸಂಶೋಧನೆಯ ಫಲವಾಗಿ 1998ರಲ್ಲಿ ‘ಕುಫ್ರಿ ಚಿಪ್ಸೋನಾ-1’ ಮತ್ತು ‘ಕುಫ್ರಿ ಚಿಪ್ಸೋನಾ-2’ ಬಿಡುಗಡೆಯಾದವು. ಅನಂತರ ‘ಕುಫ್ರಿ ಚಿಪ್ಸೋನಾ-3’ ಹಾಗೂ ಫ್ರೆಂಚ್ ಫ್ರೈಗೆ ಸೂಕ್ತವಾದ ‘ಕುಫ್ರಿ ಫ್ರೈಸೋನಾ’ ಬಂದವು. ‘ಅಟ್ಲಾಂಟಿಕ್’, ‘ಲೇಡಿ ರೊಸೆಟ್ಟಾ’ ಮುಂತಾದ ವಿದೇಶಿ ತಳಿಗಳೂ ಚಿಪ್ಸ್ ತಯಾರಿಕೆಯಲ್ಲಿ ಬಳಕೆಯಲ್ಲಿವೆ.

‘ಕುಫ್ರಿ ಚಿಪ್ಸೋನಾ-1’ರ ಮುಖ್ಯ ಲಕ್ಷಣಗಳು ಹೀಗಿವೆ:

ಗೆಡ್ಡೆ: ಬಿಳಿ-ಕೆನೆ ಬಣ್ಣದ ಸಿಪ್ಪೆ, ಅಂಡಾಕಾರ, ಮೇಲ್ಮಟ್ಟದ ಕಣ್ಣುಗಳು, ಮಂದ ಬಿಳಿಯ ತಿರುಳು.
ಒಣ ಪದಾರ್ಥ: ಸರಿಯಾಗಿ ಬಲಿತ ಬೆಳೆಯಲ್ಲಿ ಶೇ. 20ಕ್ಕಿಂತ ಹೆಚ್ಚು.
ಅಪಕರ್ಷಕ ಸಕ್ಕರೆ: ಸರಿಯಾಗಿ ಬಲಿತ ಗೆಡ್ಡೆಯಲ್ಲಿ ಮೇಲೆ ಹೇಳಿದ ಮಿತಿಯೊಳಗೆ.
ಅವಧಿ: ಸಂಸ್ಕರಣೆಗೆ ಬೇಕಾದಂತೆ ಬಲಿಯಲು 100 ದಿನಗಳಿಗೂ ಹೆಚ್ಚು.
ರೋಗ ನಿರೋಧ: ಅಂಗಮಾರಿ ರೋಗಕ್ಕೆ ಹೊಲಮಟ್ಟದ ನಿರೋಧ ಶಕ್ತಿಯಿದೆ.

ಒಣ ಪದಾರ್ಥ ಹೆಚ್ಚಿರುವ ಗೆಡ್ಡೆ ಬೇಯಿಸಿದಾಗ ಹಿಟ್ಟುಹಿಟ್ಟಾಗಿ ಒಡೆಯುತ್ತದೆ. ಬೋಂಡಾಕ್ಕೆ, ದೋಸೆಯ ಪಲ್ಯಕ್ಕೆ ಇದು ಹೊಂದುತ್ತದೆ; ಸಾರಿನಲ್ಲಿ ಹೋಳು ಹೋಳಾಗಿ ಉಳಿಯಬೇಕೆನ್ನುವವರಿಗೆ ಹಿಡಿಸದು. ಕಾರ್ಖಾನೆಯಿಂದ ಹಿಂದಿರುಗಿದ ಸರಕನ್ನು ಊಟದ ಮಾರುಕಟ್ಟೆಗೆ ಒಯ್ಯಬೇಕಾದಾಗ ಈ ಅಂಶವೂ ಗಮನದಲ್ಲಿರಬೇಕು.

ರೋಗ ನಿರೋಧವೆಂದರೆ ರೋಗವೇ ಬಾರದು ಎಂದು ಅರ್ಥವಲ್ಲ. ಅಂಗಮಾರಿಯನ್ನು ಉಂಟುಮಾಡುವ ಫೈಟಾಫ್ತೊರಾ ಸೂಕ್ಷ್ಮಜೀವಿಯು ಕಾಲಕಾಲಕ್ಕೆ ಹೊಸ ರೂಪ ತಾಳುತ್ತದೆ. ಹಾಸನದ ಮುಂಗಾರಿನಲ್ಲಿ ಮೋಡ, ತುಂತುರು ಮತ್ತು ತಂಪು ಒಟ್ಟಿಗೆ ಬಂದಾಗ ಯಾವ ತಳಿಯ ಹೊಲವನ್ನೂ ದಿನವೂ ನೋಡುವುದು ಅಗತ್ಯ. ಎಲೆಯಂಚಿನಲ್ಲಿ ನೀರಲ್ಲಿ ನೆನೆದಂತಹ ಮಚ್ಚೆ, ಎಲೆಯ ಅಡಿಯಲ್ಲಿ ಬಿಳಿ ಬೂಸ್ಟು ಕಂಡೊಡನೆ ತೋಟಗಾರಿಕೆ ಇಲಾಖೆಯ ಸಲಹೆಯಂತೆ ಸಿಂಪರಣೆ ಕೈಗೊಳ್ಳತಕ್ಕದ್ದು.

4. ತಳಿ ಕೊಡುವ ಗುಣ, ಹೊಲದಲ್ಲಿ ಕಳೆಯುವ ಗುಣ

ಚಿಪ್ಸೋನಾ ಬೀಜ ನೆಟ್ಟ ಮಾತ್ರಕ್ಕೆ ಚಿಪ್ಸ್‌ಗೆ ಯೋಗ್ಯವಾದ ಗೆಡ್ಡೆ ದೊರೆಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ತಳಿಯಿಂದ ಬರುವುದು ಸಾಮರ್ಥ್ಯ ಮಾತ್ರ. ಅದನ್ನು ಉಳಿಸುವುದೋ ಕಳೆಯುವುದೋ ಬೇಸಾಯಕ್ಕೆ ಬಿಟ್ಟ ವಿಷಯ. ನಾಲ್ಕು ಸಂಗತಿಗಳು ಇಲ್ಲಿ ಮುಖ್ಯ.

(ಅ) ಅವಧಿ: ಎಳೆಯ ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚು, ಪಿಷ್ಟ ಕಡಿಮೆ. ಬಲಿಯುತ್ತ ಹೋದಂತೆ ಸಕ್ಕರೆ ಪಿಷ್ಟವಾಗಿ ಪರಿವರ್ತನೆಯಾಗುತ್ತದೆ. ಮುಂಗಾರಿನಲ್ಲಿ 80-90 ದಿನಕ್ಕೆ ಗೆಡ್ಡೆ ಅಗೆದು, ದರ ಇಳಿಯುವ ಮೊದಲೇ ಮಾರುವ ರೂಢಿ ಊಟದ ಆಲೂಗೆಡ್ಡೆಗೆ ಸರಿ. ಅದೇ ರೂಢಿಯನ್ನು ಚಿಪ್ಸೋನಾಕ್ಕೆ ಅನ್ವಯಿಸಿದರೆ ತಳಿಯ ಮುಖ್ಯ ಗುಣವೇ ನಷ್ಟವಾಗುತ್ತದೆ. ನಾಟಿಗೆ ಮೊದಲೇ ‘ಈ ಹೊಲ 100 ದಿನ ದಾಟಿ ನಿಲ್ಲಬಲ್ಲುದೇ, ಕೊನೆಯ ಹದಿನೈದು ದಿನಗಳ ಮಳೆಯನ್ನು ತಡೆದುಕೊಳ್ಳುವ ಬಸಿಗಾಲುವೆ ಇದೆಯೇ’ ಎಂದು ವಿಚಾರ ಮಾಡಬೇಕು. ಇಲ್ಲವೆಂದಾದರೆ ಸಂಸ್ಕರಣಾ ತಳಿಯನ್ನು ಆ ಹೊಲಕ್ಕೆ ಆರಿಸದಿರುವುದೇ ಲೇಸು.

(ಆ) ಗೊಬ್ಬರ: ತಡವಾಗಿ ಅತಿಯಾಗಿ ಯೂರಿಯಾ ಕೊಟ್ಟರೆ ಸೊಪ್ಪು ಹಸಿರಾಗಿ ನಿಲ್ಲುತ್ತದೆ, ಬೆಳೆ ಬಲಿಯುವುದು ತಡವಾಗುತ್ತದೆ, ಒಣ ಪದಾರ್ಥ ಇಳಿಯುತ್ತದೆ. ಸೊಪ್ಪಿನ ಸೊಂಪನ್ನು ನೋಡಿ ಗೆಡ್ಡೆಯ ಗುಣವನ್ನು ಊಹಿಸಬಾರದು. ಪೊಟ್ಯಾಷ್ ಅಗತ್ಯ, ಆದರೆ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿರುವ ಕ್ಲೋರೈಡ್ ಒಣ ಪದಾರ್ಥವನ್ನು ತಗ್ಗಿಸುವ ಸ್ವಭಾವದ್ದು. ಸಂಸ್ಕರಣಾ ಬೆಳೆಗೆ ಸಲ್ಫೇಟ್ ಆಫ್ ಪೊಟ್ಯಾಷ್ ಮೇಲು. ಪ್ರಮಾಣವನ್ನು ಮಣ್ಣು ಪರೀಕ್ಷೆಯ ಆಧಾರದಿಂದಲೇ ನಿರ್ಧರಿಸತಕ್ಕದ್ದು.

(ಇ) ನೀರು ಮತ್ತು ಮಣ್ಣೇರಿಸುವಿಕೆ: ತೇವಾಂಶದ ಏರಿಳಿತದಿಂದ ಗೆಡ್ಡೆ ಬಿರಿಯುತ್ತದೆ, ಒಳಗೆ ಪೊಳ್ಳಾಗುತ್ತದೆ. ಕೊನೆಯ ಹಂತದಲ್ಲಿ ನೀರು ಹೆಚ್ಚಾದರೆ ಗೆಡ್ಡೆಯ ತೂಕ ಏರುತ್ತದೆ, ಒಣ ಪದಾರ್ಥದ ಪಾಲು ಇಳಿಯುತ್ತದೆ. ನೀರಾವರಿ ಬೆಳೆಯಲ್ಲಿ ಸೊಪ್ಪು ಕತ್ತರಿಸುವ ಸುಮಾರು 10 ದಿನ ಮೊದಲೇ ನೀರು ನಿಲ್ಲಿಸಬೇಕು. ಬುಡಕ್ಕೆ ಸಾಕಷ್ಟು ಮಣ್ಣೇರಿಸದಿದ್ದರೆ ಗೆಡ್ಡೆ ಬಿಸಿಲಿಗೆ ತೆರೆದುಕೊಂಡು ಹಸಿರಾಗುತ್ತದೆ.

(ಈ) ಸೊಪ್ಪು ಕತ್ತರಿಸುವಿಕೆ ಮತ್ತು ಅಗೆತ: ಬೆಳೆ ಬಲಿತ ಮೇಲೆ ಸೊಪ್ಪನ್ನು ನೆಲಮಟ್ಟಕ್ಕೆ ಕತ್ತರಿಸಿ, 10ರಿಂದ 15 ದಿನ ಗೆಡ್ಡೆಯನ್ನು ಮಣ್ಣಿನಲ್ಲಿಯೇ ಬಿಡಬೇಕು. ಈ ಅವಧಿಯಲ್ಲಿ ಸಿಪ್ಪೆ ಗಟ್ಟಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿ ಉಜ್ಜಿದಾಗ ಸಿಪ್ಪೆ ಸುಲಿಯದಿದ್ದರೆ ಅಗೆಯಬಹುದು. ಮಳೆ ಹಿಡಿದಿದ್ದರೆ ಮಾತ್ರ ಕೊಳೆಯುವ ಅಪಾಯವನ್ನು ನೋಡಿ ಈ ಅವಧಿಯನ್ನು ಕಡಿತಗೊಳಿಸಬೇಕಾಗುತ್ತದೆ.

5. ಗ್ರಾಮದಲ್ಲಿಯೇ ಮಾಡಬಹುದಾದ ಮೂರು ಪರೀಕ್ಷೆಗಳು

ಮಾದರಿ ಸಂಗ್ರಹ: ಹೊಲದ ಒಂದೇ ಮೂಲೆಯಿಂದ ಗೆಡ್ಡೆ ತರಬಾರದು. ನಾಲ್ಕು ಬದಿ ಮತ್ತು ನಡುವೆ, ಹೀಗೆ ಐದು ಕಡೆ ಗಿಡಗಳನ್ನು ಅಗೆದು, ದಪ್ಪ-ಸಣ್ಣ ಬೆರಕೆಯಾಗಿಯೇ ತೆಗೆದುಕೊಳ್ಳಬೇಕು. ಮಣ್ಣನ್ನು ಪೂರ್ತಿ ತೊಳೆದು ನೀರಾರಿಸಬೇಕು. ಅಂಟಿದ ಮಣ್ಣು ಲೆಕ್ಕವನ್ನು ಕೆಡಿಸುತ್ತದೆ.

ಪರೀಕ್ಷೆ 1, ನೀರಿನೊಳಗಿನ ತೂಕ: ಪಿಷ್ಟವು ನೀರಿಗಿಂತ ಭಾರ. ಆದ್ದರಿಂದ ಒಣ ಪದಾರ್ಥ ಹೆಚ್ಚಿದ್ದಷ್ಟೂ ಗೆಡ್ಡೆಯ ಸಾಪೇಕ್ಷ ಸಾಂದ್ರತೆ ಹೆಚ್ಚು. ಸರಿಯಾಗಿ 5 ಕಿಲೋ ಗೆಡ್ಡೆಯನ್ನು ತೂಗಿ ಬಲೆಚೀಲಕ್ಕೆ ತುಂಬಬೇಕು. ಕೊಕ್ಕೆಯಿರುವ ವಿದ್ಯುನ್ಮಾನ ತಕ್ಕಡಿಗೆ ಚೀಲವನ್ನು ತೂಗುಹಾಕಿ, ಡ್ರಮ್‌ನ ನೀರಿನಲ್ಲಿ ತಳ-ಬದಿಗಳಿಗೆ ತಾಗದಂತೆ ಪೂರ್ತಿ ಮುಳುಗಿಸಿ ತೂಕ ನೋಡಬೇಕು. ಬರಿಯ ಚೀಲವನ್ನು ನೀರಿನಲ್ಲಿ ಮುಳುಗಿಸಿದಾಗ ಬರುವ ತೂಕವನ್ನು ಇದರಿಂದ ಕಳೆಯಬೇಕು. ಫಲಿತಾಂಶವನ್ನು ಹೀಗೆ ಓದಬೇಕು:

ನೀರಿನೊಳಗೆ 305 ಗ್ರಾಂ: ಸಾಪೇಕ್ಷ ಸಾಂದ್ರತೆ 1.065, ಒಣ ಪದಾರ್ಥ ಸುಮಾರು ಶೇ. 17
ನೀರಿನೊಳಗೆ 370 ಗ್ರಾಂ: ಸಾಪೇಕ್ಷ ಸಾಂದ್ರತೆ 1.080, ಒಣ ಪದಾರ್ಥ ಸುಮಾರು ಶೇ. 20
ನೀರಿನೊಳಗೆ 392 ಗ್ರಾಂ: ಸಾಪೇಕ್ಷ ಸಾಂದ್ರತೆ 1.085, ಒಣ ಪದಾರ್ಥ ಸುಮಾರು ಶೇ. 21

ಸೂತ್ರ: ಗಾಳಿಯಲ್ಲಿನ ತೂಕವನ್ನು, ಗಾಳಿಯಲ್ಲಿನ ತೂಕ ಮತ್ತು ನೀರಿನೊಳಗಿನ ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ದೊರೆಯುತ್ತದೆ. ನೀರಿನೊಳಗಿನ ತೂಕದಲ್ಲಿ 5 ಗ್ರಾಂ ತಪ್ಪಿದರೆ ಒಣ ಪದಾರ್ಥದ ಲೆಕ್ಕದಲ್ಲಿ ಶೇಕಡಾ ಕಾಲರಷ್ಟು ವ್ಯತ್ಯಾಸ ಬರುತ್ತದೆ. ಆದ್ದರಿಂದ ಸೂಕ್ಷ್ಮವಾಗಿ ತೂಗುವ ತಕ್ಕಡಿಯನ್ನೇ ಬಳಸಿ, ಮೂರು ಸಲ ತೂಗಿ ಸರಾಸರಿ ತೆಗೆಯಬೇಕು.

ಪರೀಕ್ಷೆ 2, ಉಪ್ಪುನೀರು: 10 ಲೀಟರ್ ತಣ್ಣೀರಿಗೆ 1 ಕಿಲೋ 240 ಗ್ರಾಂ ಅಡುಗೆ ಉಪ್ಪು ಹಾಕಿ ಪೂರ್ತಿ ಕರಗಿಸಿದರೆ ದ್ರಾವಣದ ಸಾಪೇಕ್ಷ ಸಾಂದ್ರತೆ ಹೆಚ್ಚುಕಡಿಮೆ 1.080 ಆಗುತ್ತದೆ. ಇದರಲ್ಲಿ ಮುಳುಗುವ ಗೆಡ್ಡೆಯ ಒಣ ಪದಾರ್ಥ ಸುಮಾರು ಶೇ. 20 ಅಥವಾ ಹೆಚ್ಚು, ತೇಲುವುದರಲ್ಲಿ ಕಡಿಮೆ. 20 ಗೆಡ್ಡೆಗಳನ್ನು ಒಂದೊಂದಾಗಿ ಬಿಟ್ಟು ಎಣಿಸಬೇಕು. ಮೊದಲ ಪರೀಕ್ಷೆ ಸರಾಸರಿಯನ್ನು ತಿಳಿಸಿದರೆ, ಈ ಪರೀಕ್ಷೆ ಹೊಲದ ಏಕರೂಪತೆಯನ್ನು ತಿಳಿಸುತ್ತದೆ. ಸರಾಸರಿ ಸರಿಯಿದ್ದೂ ಅರ್ಧದಷ್ಟು ಗೆಡ್ಡೆ ತೇಲಿದರೆ ಬೆಳೆ ಒಂದೇ ಸಮನೆ ಬಲಿತಿಲ್ಲವೆಂದು ತಿಳಿಯಬೇಕು. ತೇಲಿದ ಗೆಡ್ಡೆಯನ್ನು ಕೊಯ್ದು ನೋಡುವುದು ಒಳ್ಳೆಯದು. ಒಳಗಿನ ಪೊಳ್ಳಿನಿಂದಲೂ ಗೆಡ್ಡೆ ತೇಲಬಹುದು.

ಪರೀಕ್ಷೆ 3, ಕರಿದು ನೋಡುವುದು: ಸಕ್ಕರೆಯನ್ನು ತಿಳಿಯಲು ಬಾಣಲೆಯೇ ಪ್ರಯೋಗಶಾಲೆ. ಹತ್ತು ಗೆಡ್ಡೆಗಳ ನಡುಭಾಗದಿಂದ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ಬಿಲ್ಲೆಗಳನ್ನು ಕೊಯ್ದು, ಬಟ್ಟೆಯಲ್ಲಿ ಒರೆಸಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಕಾದ ಎಣ್ಣೆಯಲ್ಲಿ ನೊರೆ ನಿಲ್ಲುವವರೆಗೆ ಕರಿಯಬೇಕು. ಕೇಂದ್ರೀಯ ಸಂಸ್ಥೆಯಲ್ಲಿ ಚಿಪ್ಸ್ ಬಣ್ಣಕ್ಕೆ 1ರಿಂದ 10ರವರೆಗಿನ ಅಂಕಗಳ ಕ್ರಮವಿದೆ. 1 ಅತ್ಯಂತ ತಿಳಿ, 10 ಅತ್ಯಂತ ಕಪ್ಪು, 3ರವರೆಗೆ ಸ್ವೀಕಾರಾರ್ಹ. ಊರಿನಲ್ಲಿ ಅಂಕ ಕೊಡದಿದ್ದರೂ ಸರಿ: ತಿಳಿ ಹೊಂಬಣ್ಣವಿದ್ದರೆ ಯೋಗ್ಯ, ಅಂಚು ಅಥವಾ ನಡುಭಾಗ ಕಂದಿದ್ದರೆ ಗೆಡ್ಡೆಗೆ ಇನ್ನೂ ಸಮಯ ಬೇಕು.

ಸೊಪ್ಪು ಕತ್ತರಿಸಬೇಕೆಂದು ಯೋಚಿಸುವ ದಿನಕ್ಕೆ ಎರಡು ವಾರ ಮೊದಲಿನಿಂದ ಐದು ದಿನಕ್ಕೊಮ್ಮೆ ಈ ಪರೀಕ್ಷೆಗಳನ್ನು ಮಾಡಿ ದಿನಾಂಕ ಸಹಿತ ಬರೆದಿಡಬೇಕು. ಒಣ ಪದಾರ್ಥ ಏರುತ್ತಿದ್ದರೆ ಕಾಯುವುದರಲ್ಲಿ ಲಾಭವಿದೆ. ಏರಿಕೆ ನಿಂತಿದ್ದರೆ ಕಾಯುವುದರಿಂದ ಪ್ರಯೋಜನವಿಲ್ಲ.

6. ಸಂಗ್ರಹಣೆಯ ಎಚ್ಚರಿಕೆ

ಬಿತ್ತನೆ ಗೆಡ್ಡೆಯನ್ನು 2ರಿಂದ 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಶೀತಲಗೃಹದಲ್ಲಿ ಇಡುತ್ತಾರೆ. ಅಷ್ಟು ತಂಪಿನಲ್ಲಿ ಪಿಷ್ಟವು ಮರಳಿ ಸಕ್ಕರೆಯಾಗುತ್ತದೆ. ಹೊಲದಲ್ಲಿ ಉತ್ತಮವಾಗಿದ್ದ ಚಿಪ್ಸೋನಾ ಗೆಡ್ಡೆಯೂ ಹೀಗೆ ಸಂಗ್ರಹಿಸಿದರೆ ಕಪ್ಪು ಚಿಪ್ಸ್ ಕೊಡುತ್ತದೆ. ಸಂಸ್ಕರಣೆಯ ಗೆಡ್ಡೆಗೆ 10ರಿಂದ 12 ಡಿಗ್ರಿ ಉಷ್ಣತೆ ಸೂಕ್ತ. ಈ ಉಷ್ಣತೆಯಲ್ಲಿ ಮೊಳಕೆ ಬರುವುದರಿಂದ ಅದನ್ನು ತಡೆಯುವ ಉಪಚಾರ ಬೇಕಾಗುತ್ತದೆ. ಅದನ್ನು ತರಬೇತಿ ಪಡೆದವರೇ ಮಾಡಬೇಕು. ಶೀತಲಗೃಹಕ್ಕೆ ಸರಕು ಒಯ್ಯುವ ಮೊದಲು ಆ ಕೋಣೆಯ ಉಷ್ಣತೆ ಎಷ್ಟೆಂದು ಕೇಳುವುದು ರೈತರ ಹಕ್ಕು ಮಾತ್ರವಲ್ಲ, ಅಗತ್ಯ. ಅತಿ ತಂಪಿನಲ್ಲಿದ್ದ ಗೆಡ್ಡೆಯನ್ನು ಎರಡು-ಮೂರು ವಾರ 15ರಿಂದ 20 ಡಿಗ್ರಿಯಲ್ಲಿಟ್ಟರೆ ಸಕ್ಕರೆ ಭಾಗಶಃ ಇಳಿಯಬಹುದು. ಪೂರ್ತಿ ಸರಿಹೋಗುತ್ತದೆಂದು ನಂಬಿ ಕೂರುವಂತಿಲ್ಲ.

7. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ

ಗುಣವನ್ನು ಅಳೆಯಲು ಬಲ್ಲವರು ಒಪ್ಪಂದವನ್ನು ಬೇರೆ ರೀತಿಯಲ್ಲಿ ಓದುತ್ತಾರೆ. ಕೆಳಗಿನ ಅಂಶಗಳು ಬರಹದಲ್ಲಿ, ಕನ್ನಡದಲ್ಲಿ, ಸ್ಪಷ್ಟವಾಗಿರಬೇಕು:

ಕನಿಷ್ಠ ಒಣ ಪದಾರ್ಥ ಎಷ್ಟು? ಅದನ್ನು ಯಾರು, ಎಲ್ಲಿ, ರೈತರ ಸಮ್ಮುಖದಲ್ಲಿ ಅಳೆಯುತ್ತಾರೆಯೇ?
ಮಿತಿಗಿಂತ ಸ್ವಲ್ಪ ಕಡಿಮೆಯಾದರೆ ದರ ಕಡಿತವೋ, ಇಡೀ ಸರಕಿನ ತಿರಸ್ಕಾರವೋ?
ಸರಕು ತಿರಸ್ಕೃತವಾದರೆ ಹಿಂದಿರುಗುವ ಸಾಗಾಣಿಕೆಯ ವೆಚ್ಚ ಯಾರದು?
ಬೆಳೆ ಸಿದ್ಧವಾದ ಮೇಲೆ ಎಷ್ಟು ದಿನದೊಳಗೆ ಖರೀದಿಸಬೇಕು? ಖರೀದಿ ತಡವಾಗಿ ಗೆಡ್ಡೆ ಕೊಳೆತರೆ ಹೊಣೆ ಯಾರದು?
ರೋಗದಿಂದ ಅಥವಾ ಅತಿವೃಷ್ಟಿಯಿಂದ ಬೆಳೆ ನಾಶವಾದರೆ ಬೀಜದ ಬಾಕಿಯನ್ನು ಹೇಗೆ ಪರಿಗಣಿಸಲಾಗುತ್ತದೆ?
ಪೂರೈಸುವ ಬಿತ್ತನೆ ಗೆಡ್ಡೆಯ ತಳಿ ಮತ್ತು ದರ್ಜೆಯ ಚೀಟಿ ಚೀಲದ ಮೇಲಿದೆಯೇ?

ಚೀಲದ ಚೀಟಿ ಮತ್ತು ರಸೀದಿಯನ್ನು ಕಟಾವು ಮುಗಿದು ಹಣ ಸಂದಾಯವಾಗುವವರೆಗೆ ಜೋಪಾನವಾಗಿಡಬೇಕು. ತಳಿಯ ಬಗ್ಗೆ ವಿವಾದ ಉಂಟಾದಾಗ ರೈತರ ಕೈಯಲ್ಲಿ ಉಳಿಯುವ ಆಧಾರ ಅದೇ.

8. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಕೈಗೊಳ್ಳಬಹುದಾದ ಕ್ರಮ

ಮೇಲಿನ ಪರೀಕ್ಷೆಗಳ ಉಪಕರಣಗಳನ್ನು ಪ್ರತಿಯೊಬ್ಬ ರೈತರೂ ಕೊಳ್ಳಬೇಕಾಗಿಲ್ಲ. ಬೆಳೆಗಾರರು ಹೆಚ್ಚಿರುವ ಗ್ರಾಮದಲ್ಲಿ ರೈತ ಉತ್ಪಾದಕರ ಸಂಸ್ಥೆ ಅಥವಾ ಸ್ವಸಹಾಯ ಸಂಘದ ಬಳಿ ಒಂದು ಸಮೂಹ ಉಪಕರಣ ಇದ್ದರೆ ಊರಿಗೆ ಸಾಕು. ಪರೀಕ್ಷೆಯ ಫಲಿತಾಂಶವನ್ನು ಒಂದು ವಹಿಯಲ್ಲಿ ಹೊಲದ ಸರ್ವೆ ನಂಬರು, ನಾಟಿಯ ದಿನಾಂಕ, ತಳಿ, ಗೊಬ್ಬರದ ವಿವರಗಳೊಂದಿಗೆ ದಾಖಲಿಸತಕ್ಕದ್ದು. ಎರಡು-ಮೂರು ಹಂಗಾಮುಗಳಲ್ಲಿ ಆ ವಹಿಯೇ ಊರಿನ ಯಾವ ಮಣ್ಣಿನಲ್ಲಿ, ಯಾವ ವಾರದ ನಾಟಿಯಲ್ಲಿ ಒಣ ಪದಾರ್ಥ ಚೆನ್ನಾಗಿ ಬರುತ್ತದೆಂದು ತಿಳಿಸುತ್ತದೆ. ಮನೆಯಲ್ಲಿ ಚಿಪ್ಸ್ ಮಾಡಿ ಮಾರುವ ಸಂಘಗಳಿಗೂ ಗೆಡ್ಡೆ ಕೊಳ್ಳುವ ಮೊದಲು ಉಪ್ಪುನೀರಿನ ಪರೀಕ್ಷೆ ಉಪಯುಕ್ತ. ಮುಳುಗುವ ಗೆಡ್ಡೆ ಕೊಂಡರೆ ಎಣ್ಣೆಯ ಖರ್ಚು ಉಳಿಯುತ್ತದೆ.

ಹೊಸದಾಗಿ ಈ ತಳಿಯನ್ನು ಬೆಳೆಯಬಯಸುವವರು ಮೊದಲ ವರ್ಷ ಇಡೀ ಹೊಲವನ್ನು ಅದಕ್ಕೇ ಮೀಸಲಿಡದೆ, ಕೆಲವು ಗುಂಟೆಗಳಲ್ಲಿ ನೆಟ್ಟು ನೋಡಿ, ಅಳೆದು, ಅನಂತರ ವಿಸ್ತರಿಸುವುದು ಸೂಕ್ತ.

9. ಸಾರಾಂಶ

ಚಿಪ್ಸ್ ಆಲೂಗೆಡ್ಡೆಯ ಬೆಲೆ ಅದರ ಗಾತ್ರದಲ್ಲಿಲ್ಲ, ಒಣ ಪದಾರ್ಥ ಮತ್ತು ಸಕ್ಕರೆಯ ಪ್ರಮಾಣದಲ್ಲಿದೆ. ‘ಕುಫ್ರಿ ಚಿಪ್ಸೋನಾ-1’ ತಳಿಯು ಈ ಗುಣಗಳನ್ನು ಕೊಡಬಲ್ಲುದು. ಪೂರ್ಣಾವಧಿ, ಮಿತವಾದ ಸಾರಜನಕ, ಸಕಾಲದ ಅಗೆತ ಮತ್ತು ಸರಿಯಾದ ಸಂಗ್ರಹಣೆಗಳಿಂದ ಅವು ಉಳಿಯುತ್ತವೆ. ಕಾರ್ಖಾನೆಯ ಬಾಗಿಲಲ್ಲಿ ತಿಳಿಯುವ ಸಂಗತಿಯನ್ನು ಹೊಲದ ಬದುವಿನಲ್ಲೇ ತಿಳಿದುಕೊಂಡರೆ, ಲಾರಿ ಹೊರಡಿಸಬೇಕೋ ಇನ್ನೈದು ದಿನ ಕಾಯಬೇಕೋ ಎಂಬ ತೀರ್ಮಾನ ಬೆಳೆದವರ ಕೈಯಲ್ಲೇ ಉಳಿಯುತ್ತದೆ.

ಸಭೆಯಲ್ಲಿ ಚರ್ಚಿಸಬೇಕಾದ ಪ್ರಶ್ನೆಗಳು

1. 5 ಕಿಲೋ ಗೆಡ್ಡೆಯು ನೀರಿನೊಳಗೆ 340 ಗ್ರಾಂ ತೂಗಿದರೆ ಅದು ಶೇ. 20ರ ಮಿತಿಯನ್ನು ಮುಟ್ಟಿದೆಯೇ?
2. ಸೊಪ್ಪು ಹಸಿರಾಗಿ ನಿಂತಿರುವ ಹೊಲದ ಗೆಡ್ಡೆ ಚಿಪ್ಸ್‌ಗೆ ಏಕೆ ಯೋಗ್ಯವಾಗದಿರಬಹುದು?
3. ಬಿತ್ತನೆಗೆಂದು ಶೀತಲಗೃಹದಲ್ಲಿಟ್ಟು ಮಿಕ್ಕ ಗೆಡ್ಡೆಯನ್ನು ಚಿಪ್ಸ್‌ಗೆ ಬಳಸಿದರೆ ಏನಾಗುತ್ತದೆ?
4. ನಿಮ್ಮ ಗ್ರಾಮದ ಯಾವ ಹೊಲಗಳು 100 ದಿನ ದಾಟಿದ ಬೆಳೆಯನ್ನು ಮುಂಗಾರಿನಲ್ಲಿ ತಡೆದುಕೊಳ್ಳಬಲ್ಲವು?